ನಮ್ಮೂರಿಗೆ ಕಬಡ್ಡಿ ಬಂದದ್ದು

ನಮ್ಮೂರಿನಲ್ಲಿ ಬಿಸಾಡಿದ ವಸ್ತು ಹೆಸರು ಹಿಡಿದು ಕೂಗುತ್ತದೆ. ಅದರಲ್ಲಿ ಇನ್ನೂ ಏನಾದರೂ ಹುರುಳು ಉಳಿದಿದ್ದರೆ ಮಾತ್ರ. ಸವೆದು ಸವೆದು ಹಿಮ್ಮಡಿ ತೂತಾದ ಚಪ್ಪಲಿಯನ್ನು ಎಸೆದರೆ ಅದು ಪಾಪ, ಸುಮ್ಮನೆ ಬಿದ್ದಿರುತ್ತದೆ. ಬಾರು ಕಿತ್ತಿತೆಂದು ಎಸೆದರೆ, ಅದನ್ನು ಹೊಲಿಸಲು ಬರುವಂತಿದ್ದರೆ, ಓಣಿಯ ಮೂಲೆಯಿಂದ "ಈರವ್ವಾ… ಏ ಈರವ್ವಾ…" ಎಂದು ಶುರು ಹಚ್ಚಿಕೊಳ್ಳುತ್ತದೆ. ಯಾರಾದರೂ ಎತ್ತಿಕೊಂಡು ಬಳಕೆಗೆ ತರುವವರೆಗೆ ಬಿಡುವುದಿಲ್ಲ. ಸಿಟ್ಟಿನ ದನಿಯಲ್ಲ ಅದು. ಉಣ್ಣಲು ಬಾ ಎಂದು ತಾಯಿ ಕರೆದ ಹಾಗಿರುತ್ತದೆ. ಅದಕ್ಕೇ ಕೇಳಿದವರಿಗೆ ಹೆಚ್ಚು ನಾಚಿಕೆ.

ತಾಟಿನಲ್ಲಿ ಬಿಟ್ಟ ಅರ್ಧ ರೊಟ್ಟಿಯೂ ಕೂಗುವುದರಿಂದ ನಮ್ಮಲ್ಲಿ ಬಡಿಸುವವರು ಮೊದಲು ಉಣ್ಣುವವರ ಮುಖ ನೋಡಿ ಆಮೇಲೆ ಸೌಟು ಎತ್ತುತ್ತಾರೆ. ಅಂಗಡಿಗೆ ಹೊರಟವರ ಕೈಯಲ್ಲಿ ಎಣ್ಣೆಗೊಂದು ಬಾಟಲಿ, ಬೇಳೆಗೊಂದು ಚೀಲ ಇದ್ದೇ ಇರುತ್ತದೆ. ಕೆಳಗಿನ ಓಣಿಯಲ್ಲಿ ಒಂದೇ ಸಾಲಿನಲ್ಲಿ ನಾಲ್ವರು ಶಾಂತವ್ವಂದಿರಿದ್ದಾರೆ. ಹಡೆದವರು ಬೇಕೆಂದೇ ಹಾಗೆ ಹೆಸರಿಟ್ಟಿದ್ದು. "ಶಾಂತವ್ವಾ" ಎಂದು ಕೂಗು ಎದ್ದರೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿ, "ನಿನ್ನನ್ನೇ ಕರಿಯಾಕತ್ತೈತಿ ನೋಡು" ಎಂದು ಒಳಗೆ ಹೋಗಿಬಿಡುತ್ತಾರೆ. ಕೊನೆಗೆ ಯಾರಿಗೆ ತಡೆಯಲಾಗುವುದಿಲ್ಲವೋ ಅವರೇ ಹೋಗಿ ಎತ್ತಿಕೊಂಡು ಬರುತ್ತಾರೆ.

ಹೀಗೆ ನಾವು ನಮ್ಮಷ್ಟಕ್ಕೆ ಬದುಕಿಕೊಂಡಿದ್ದೆವು. ಫಜೀತಿ ಎಂದರೆ ಪರವೂರಿನವರದ್ದು. ನಾನು ಹುಟ್ಟುವ ವರ್ಷ ನಮ್ಮೂರಿಗೆ ಒಂದು ನಾಟಕ ಕಂಪನಿ ಬಂದು ಡೇರೆ ಹಾಕಿತ್ತಂತೆ. ಅವರು ಹೋದ ಮೇಲೆ ಬಯಲಿನಲ್ಲಿ ಉಳಿದ ಬಣ್ಣದ ಡಬ್ಬಿ, ಹರಿದ ಪರದೆ, ಅಂಚು ಮುರಿದ ತಟ್ಟೆ, ಎಲ್ಲವೂ ಯಾರೋ ಕಂಡರಿಯದವರ ಹೆಸರನ್ನು ಇಡೀ ಮಳೆಗಾಲ ಕೂಗಿದವಂತೆ. ಕರೆಯುವುದು ಯಾರನ್ನು, ಅವರಿರುವುದು ಎಲ್ಲಿ, ಒಬ್ಬರಿಗೂ ಗೊತ್ತಿಲ್ಲ. ಬಸುರಿಯಾಗಿದ್ದ ನಮ್ಮವ್ವನಿಗೆ ನಿದ್ದೆಯಿಲ್ಲ. ಊರಿನವರೇ ಒಂದೊಂದನ್ನಾಗಿ ಮನೆಗೆ ಒಯ್ದು ಬಳಸಿ ಮುಗಿಸುವಷ್ಟರಲ್ಲಿ ಸಾಕು ಸಾಕಾಯಿತು. ಅಂದಿನಿಂದ ಊರಿನೊಳಗೆ ಹೊರಗಿನ ಜನರ ಜಾತ್ರೆ ಕೂಡಿಸುವುದಿಲ್ಲ ಎಂದು ಹಿರಿಯರು ತೀರ್ಮಾನ ಮಾಡಿದರು. ಆ ತೀರ್ಮಾನವನ್ನು ಮುರಿದವಳು ಮಹಾನಂದಾ.

ಮಹಾನಂದಾ ನನ್ನ ದೊಡ್ಡಪ್ಪನ ಮಗಳು. ಸೈಕಲ್ ರಿಪೇರಿ ಅಂಗಡಿ ಅವಳದು. ಊರಿನ ಹೆಂಗಸರ ಕಬಡ್ಡಿ ತಂಡ ಕಟ್ಟಿದವಳು ಅವಳೇ, ನಾಯಕಿಯೂ ಅವಳೇ. ನಾನು ಆ ತಂಡದಲ್ಲಿ ಎಡ ಮೂಲೆ ಕಾಯುತ್ತಿದ್ದೆ. ಸುತ್ತಲಿನ ಊರುಗಳಿಗೆ ಹೋಗಿ ಆಡುತ್ತಿದ್ದೆವು. ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚು, ಆದರೂ ವಾಪಸು ಬರುವಾಗ ಟ್ರ್ಯಾಕ್ಟರಿನಲ್ಲಿ ಹಾಡುತ್ತ ಬರುತ್ತಿದ್ದೆವು. ಮಹಾನಂದಾ ದಾಳಿಗೆ ಹೊರಟರೆ ಉಸಿರು ಬಿಗಿಹಿಡಿದು ನೋಡುವುದೊಂದೇ ನಮಗೆ ಕೆಲಸ. ಅವಳ ಕಾಲು ಎಲ್ಲಿಂದ ಬಂತು ಎಂದು ಮುಟ್ಟಿಸಿಕೊಂಡವರಿಗೇ ತಿಳಿಯುತ್ತಿರಲಿಲ್ಲ.

ಒಂದು ಪಂದ್ಯ ಮುಗಿದ ಮೇಲೆ ಪಂದ್ಯಾವಳಿ ಮಂಡಳಿಯ ಅಧ್ಯಕ್ಷರು ದುಂಡಪ್ಪನವರು ನಮ್ಮ ಬಳಿ ಬಂದರು. ಹೆಸರಿಗೆ ತಕ್ಕ ಆಳು, ನಗು ಮುಖ. ಅಂದು ಮಾತ್ರ ನಗಲಿಲ್ಲ.

"ನೋಡವಾ ಮಹಾನಂದಾ, ನೀವು ಎಲ್ಲಾರ ಊರಿಗೂ ಬಂದ್ರಿ, ಆಡಿದ್ರಿ, ಉಂಡ್ರಿ. ನಿಮ್ಮೂರಿಗೆ ಒಬ್ಬರನ್ನೂ ಕರೀಲಿಲ್ಲ. ಉಳಿದ ತಂಡದವರು ಸುಮ್ನಿರಂಗಿಲ್ಲ. ಮುಂದಿನ ಪಂದ್ಯಾವಳಿ ನಿಮ್ಮೂರಾಗ ಆಗಬೇಕು. ಆಗಂಗಿಲ್ಲಂದ್ರ ನಿಮ್ಮ ತಂಡದ ಹೆಸರು ಬಿಡಬೇಕಾಗ್ತೈತಿ."

"ಮಾಡ್ತೀವ್ರಿ" ಎಂದಳು ಮಹಾನಂದಾ. ನಾನು ಅವಳ ಸೊಂಟ ಚಿವುಟಿದೆ. ಅವಳು ನನ್ನ ಕೈ ತಳ್ಳಿ, "ಊಟ, ನೀರು, ಎಲ್ಲಾ ನಮ್ದ. ಬರ್ರಿ" ಎಂದಳು.

ಮರುದಿನ ಗಾಣದ ಅಂಗಳದಲ್ಲಿ ಊರು ಸೇರಿತು. ಎದ್ದು ನಿಂತವರು ಬಸಣ್ಣ ಕಾಕಾ. ಊರಿನ ಹಿರಿಯರು, ನಾಟಕ ಕಂಪನಿಯ ಮಳೆಗಾಲವನ್ನು ಕಿವಿಯಾರೆ ಕೇಳಿದವರು. ಅವರು ಕೂಗಾಡುವ ಪೈಕಿ ಅಲ್ಲ, ಅದೇ ಹೆದರಿಕೆ.

"ಮಂದಿ ಕೆಟ್ಟವರಲ್ಲವಾ ಮಹಾನಂದಾ. ಅವರಿಗೆ ಕೇಳಸಂಗಿಲ್ಲ, ಅಷ್ಟ. ತಮ್ಮೂರಾಗ ಒಗದದ್ದು ಬಾಯಿ ಮುಚ್ಚಿಕೊಂಡು ಬಿದ್ದಿರ್ತೈತಿ. ಹುಟ್ಟಿದಾಗಿಂದ ಬಂದ ರೂಢಿ. ಅದನ್ನ ನೀ ಎರಡು ದಿನದಾಗ ಬಿಡಸ್ತೀಯೇನು?"

"ಬಿಡಸೋದು ಬ್ಯಾಡ ಕಾಕಾ. ಅವರು ಒಗಿಯೋ ಸಾಮಾನಿಗೆ ಕೈ ಚಾಚೋದರೊಳಗ ನಮ್ಮದನ್ನ ಕೈಯಾಗ ಇಟ್ಟುಬಿಡೋಣು."

ಕಾಕಾ ಕೋಲನ್ನು ನೆಲಕ್ಕೆ ಊರಿ ಅವಳ ಮುಖ ನೋಡಿದರು. ಆಮೇಲೆ ಹೇಳಿದರು: "ಆಗಲಿ, ಮಾಡು. ಪಂದ್ಯ ಮುಗಿದ ದಿನ ಹೊತ್ತು ಮುಳುಗೋವಾಗ ನಾ ಬಯಲಿಗೆ ಬಂದು ಕಿವಿಗೊಡ್ತೀನಿ. ಪರವೂರಿನವರ ಹೆಸರು ಒಂದ ಒಂದು ಕೇಳಸ್ತಂದ್ರ, ಇನ್ನ ಮುಂದ ಈ ಊರಾಗ ಯಾರೂ ಕಬಡ್ಡಿ ಮಾತು ಎತ್ತಬಾರದು. ನಿಮ್ಮ ತಂಡಾನೂ ಅಲ್ಲಿಗೇ ಮುಗೀತು."

ಎಲ್ಲರೂ ಮಹಾನಂದಾಳ ಕಡೆ ನೋಡಿದರು. ಅವಳು ಹೂಂ ಅಂದಳು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನನಗೆ ಕಾಲು ನಿಲ್ಲುವುದಿಲ್ಲ. ಬೆಳಿಗ್ಗೆ ಆಟದ ಅಭ್ಯಾಸ, ಮಧ್ಯಾಹ್ನ ಊರೆಲ್ಲ ಓಡಾಟ. ನಮ್ಮ ಕಡೆ ಪಾತ್ರೆಯ ಮೇಲೆ ಹೆಸರು ಕೊರೆಸುವುದು ರೂಢಿ. ಮನೆಮನೆಗೆ ಹೋಗಿ ಲೋಟ ಕೇಳಿದೆವು. ಮೊದಲು ಹಿಂದೆಮುಂದೆ ನೋಡಿದವರು ಪಕ್ಕದ ಮನೆಯವರು ಕೊಟ್ಟದ್ದನ್ನು ಕಂಡು ತಾವು ಅದಕ್ಕಿಂತ ಒಂದು ಹೆಚ್ಚೇ ಕೊಟ್ಟರು. ಗಾಣದ ಅಂಗಳದಲ್ಲಿ ಲೋಟಗಳು ರಾಶಿ ಬಿದ್ದವು. ಒಂದರ ಮೇಲೆ ಯಾರದೋ ಲಗ್ನ, ಇನ್ನೊಂದರ ಮೇಲೆ ಯಾರದೋ ತೊಟ್ಟಿಲು. ಮುತ್ತುಗದ ಎಲೆ ತಂದು ಹೆಂಗಸರು ಪತ್ರಾವಳಿ ಹಚ್ಚಿದರು. ಉಂಡ ಮೇಲೆ ಅವೆಲ್ಲ ತಿಪ್ಪೆಗೆ ಹೋಗಿ ಗೊಬ್ಬರವಾಗುವುದು ಎಂದಾಯಿತು. ಮಣ್ಣಿನ ಹರವಿಗಳಲ್ಲಿ ನೀರು ತುಂಬಿಸಿ ಬಯಲಿನ ಸುತ್ತ ಇಟ್ಟೆವು. ಹಳೇ ಸೀರೆಗಳನ್ನು ಜೋಡಿಸಿ ಪೆಂಡಾಲಿನ ಅಂಚು ಹೊಲಿದೆವು. ಬಿಸಿಲು ಬಿದ್ದರೆ ನೆಲದ ಮೇಲೆಲ್ಲ ಕೆಂಪು, ಹಳದಿ, ಹಸಿರು.

ನಾನು ನನ್ನ ಬುದ್ಧಿಗೆ ತೋಚಿದಂತೆ "ಇಲ್ಲಿ ಏನನ್ನೂ ಎಸೆಯಬಾರದು" ಎಂದು ದೊಡ್ಡ ಹಲಗೆ ಬರೆದು ತಂದೆ. ಅಕ್ಷರ ಚೆಂದ ಬಂದಿದ್ದವು. ಮಹಾನಂದಾ ಅದನ್ನು ನೋಡಿ ಕೇಳಿದಳು:

"ಸಾವಂತ್ರೀ, ನಿನಗ ಯಾರರ 'ಇದನ್ನ ಮಾಡಬ್ಯಾಡ' ಅಂದ್ರ ನೀ ಏನ್ ಮಾಡ್ತಿ?"

ನಾನು ಸ್ವಲ್ಪ ಯೋಚಿಸಿ, "ಮಾಡ್ತೀನಿ" ಎಂದೆ.

"ಹಂಗಾರ ಅಳಸು" ಎಂದಳು. ಅಳಿಸಿದೆ. ಅದೇ ಹಲಗೆಯ ಮೇಲೆ "ತಣ್ಣನೆಯ ನೀರು ಈ ಕಡೆ" ಎಂದು ಬರೆದು ಬಾಣದ ಗುರುತು ಹಾಕಿದೆವು.

ಪಂದ್ಯದ ಮುಂಚಿನ ದಿನ ಊರಿನವರೇ ಪರವೂರಿನವರ ವೇಷ ಕಟ್ಟಿ ಒಂದು ತಾಲೀಮು ನಡೆಸಿದರು. ನಾಲ್ವರು ಶಾಂತವ್ವಂದಿರು ಬಲು ಖುಷಿಯಿಂದ ಒಪ್ಪಿಕೊಂಡು, ಹುಟ್ಟಿದ್ದಕ್ಕೆ ಒಮ್ಮೆಯಾದರೂ ಎಂಬಂತೆ, ಸೌತೆಕಾಯಿ ಅರ್ಧ ತಿಂದು ಬೀಸಿ ಒಗೆದರು. ಬಯಲೆಲ್ಲ "ಶಾಂತವ್ವಾ, ಶಾಂತವ್ವಾ" ಎಂದು ಒಂದೇ ಸಮ ಕೂಗು. ಮಹಾನಂದಾ ಓಡಾಡಿ ನೋಡಿದಳು, ಯಾವ ಮೂಲೆಯಿಂದ ಕೈ ಬೀಸಲು ಸಲೀಸು, ಎಲ್ಲಿ ಬುಟ್ಟಿ ಹಿಡಿದವರು ನಿಲ್ಲಬೇಕು ಎಂದು. ಆಮೇಲೆ ಶಾಂತವ್ವಂದಿರು ನಗುತ್ತ ತಮ್ಮ ತಮ್ಮ ಸೌತೆಕಾಯಿ ಹುಡುಕಿ ತೊಳೆದು ತಿಂದರು.

ಪಂದ್ಯದ ದಿನ ಬೆಳಿಗ್ಗೆ ಊರ ಬಾಯಿಗೆ ಬಸ್ಸು, ಟ್ರ್ಯಾಕ್ಟರು, ಟೆಂಪೋಗಳು ಬಂದು ನಿಂತವು. ಅಷ್ಟು ಜನರನ್ನು ನಮ್ಮೂರು ಎಂದೂ ಕಂಡಿರಲಿಲ್ಲ. ಇಳಿದವರ ಕೈಯಲ್ಲಿ ಪ್ಲಾಸ್ಟಿಕ್ ಬಾಟಲಿಗಳಿದ್ದವು. ನಮ್ಮ ಹೆಂಗಸರು ಅವನ್ನು ಕಸಿದುಕೊಳ್ಳಲಿಲ್ಲ. "ನೀರು ಬೆಚ್ಚಗಾಗೇತಿ ನೋಡ್ರಿ, ತಣ್ಣಂದು ತುಂಬಿಸಿ ಕೊಡ್ತೀವಿ, ಕೊಡ್ರಿಲ್ಲೆ" ಎಂದು ಇಸಿದುಕೊಂಡು ಹರವಿಯ ನೀರು ತುಂಬಿಸಿ ಕೊಟ್ಟರು. ಆ ನೀರಿನ ರುಚಿ ಕಂಡವರು ಸಂಜೆಯವರೆಗೂ ಬಾಟಲಿಯನ್ನು ಕಂಕುಳಲ್ಲೇ ಇಟ್ಟುಕೊಂಡು ತಿರುಗಿದರು. ಚಹಾಕ್ಕೆ ಕೈ ಚಾಚಿದರೆ ಲೋಟ ಬರುತ್ತಿತ್ತು. "ಏ, ನಾ ಯಾರ ಲಗ್ನದ ಚಾ ಕುಡಿಯಾಕತ್ತೀನಿ ನೋಡೋ" ಎಂದು ಒಬ್ಬರ ಲೋಟ ಒಬ್ಬರು ಓದುವುದೇ ಒಂದು ಆಟವಾಯಿತು. ಊಟಕ್ಕೆ ರೊಟ್ಟಿ, ಝುಣಕ, ಸಜ್ಜಕ. ಅರ್ಧ ಸೌಟು ಬಡಿಸುವುದು, ಕೇಳಿದರೆ ಮತ್ತೆ ಮತ್ತೆ ಬಡಿಸುವುದು. ಕೇಳಿ ಹಾಕಿಸಿಕೊಂಡದ್ದನ್ನು ಯಾರೂ ಬಿಡಲಿಲ್ಲ.

ಮೊದಲ ಕೂಗು ಎದ್ದದ್ದು ಅಧ್ಯಕ್ಷರ ಕುರ್ಚಿಯ ಹಿಂದಿನಿಂದ. ದುಂಡಪ್ಪನವರು ಮೆಣಸಿನಕಾಯಿ ಬಜ್ಜಿಯನ್ನು ಖಾರ ಹತ್ತಿ ಅರ್ಧಕ್ಕೇ ಬಿಟ್ಟು ಪೆಂಡಾಲಿನ ಹಿಂದೆ ಒಗೆದಿದ್ದರು.

"ದುಂಡಪ್ಪಾ… ಏ ದುಂಡಪ್ಪಾ…"

ಅವರು ಗಾಬರಿಯಿಂದ ಎದ್ದರು. "ಯಾರದು? ಮನಿಯಿಂದ ಯಾರರ ಬಂದಾರೇನು?" ಹತ್ತಿರವೇ ನೀರು ಕೊಡುತ್ತಿದ್ದ ನಮ್ಮೂರ ಈರವ್ವ ಅವರ ಅಂಗಿಯ ತೋಳು ಜಗ್ಗಿ, "ನಿಮ್ಮ ಬಜ್ಜಿರಿ ಸಾಹೇಬ್ರ. ತಿನ್ನಾಕ ಆಗದಿದ್ರ ಅಲ್ಲಿ ಆಡು ಐತಿ, ಅದಕ್ಕ ಕೊಡ್ರಿ" ಎಂದಳು. ಇಷ್ಟು ದಪ್ಪ ಮನುಷ್ಯ ಬಗ್ಗಿ ಬಜ್ಜಿ ಹುಡುಕಿ ಆಡಿನ ಬಾಯಿಗೆ ಹಿಡಿದದ್ದನ್ನು ಇಡೀ ಪಂದ್ಯಾವಳಿ ನೋಡಿತು. ಕೂಗು ನಿಂತಿತು. ಮಹಾನಂದಾ ಕಣ್ಣು ಮುಚ್ಚಿಕೊಂಡಿದ್ದಳು. ಅಧ್ಯಕ್ಷರು ಸಿಟ್ಟಾಗಿ ಎದ್ದುಹೋದರೆ ಎಲ್ಲವೂ ಮುಗಿದಂತೆ. ಆದರೆ ದುಂಡಪ್ಪನವರು ಮೈಕು ಕೈಗೆ ತೆಗೆದುಕೊಂಡು, "ನಾ ಒಗದ ಬಜ್ಜಿ ನನ್ನ ಹೆಸರು ಹಿಡಿದು ಕರೀತ್ರೆಪಾ. ನಮ್ಮವ್ವ ಸತ್ತ ಮ್ಯಾಲೆ ಹಿಂಗ ಯಾರೂ ಕರದಿದ್ದಿಲ್ಲ. ನೀವೂ ಹುಷಾರಾಗಿರ್ರಿ" ಎಂದರು. ನಗೆ ಎದ್ದದ್ದು ಪೆಂಡಾಲು ಹಾರುವಷ್ಟು.

ಅಲ್ಲಿಂದ ಜನರ ಹುರುಪೇ ಬೇರೆಯಾಯಿತು. ಕೆಲವರು ಬೇಕೆಂದೇ ಒಂದು ಶೇಂಗಾ ಒಗೆದು, ತಮ್ಮ ಹೆಸರನ್ನು ಕೇಳಿ ಹಿಗ್ಗಿ, ಓಡಿ ಹೋಗಿ ಎತ್ತಿ ಬಾಯಿಗೆ ಹಾಕಿಕೊಂಡರು. ನಮ್ಮ ಬುಟ್ಟಿಯವರಿಗೆ ಕೆಲಸವೇ ಇಲ್ಲದಾಯಿತು. ಬಸಣ್ಣ ಕಾಕಾ ಮಾತ್ರ ದೂರದ ಕಟ್ಟೆಯ ಮೇಲೆ ಕೋಲಿಗೆ ಗದ್ದ ಊರಿ ಕುಳಿತಿದ್ದರು, ನಗಲೂ ಇಲ್ಲ, ಏಳಲೂ ಇಲ್ಲ.

ಇತ್ತ ಅಂಕಣದಲ್ಲಿ ನಾವು ಗೆಲ್ಲುತ್ತ ಹೋದೆವು. ನಮ್ಮ ಮಣ್ಣು, ನಮ್ಮ ಜನ, ಕೈಕಾಲಿಗೆ ರೆಕ್ಕೆ ಬಂದ ಹಾಗಿತ್ತು. ಎಂದೂ ಮುಟ್ಟದ ಫೈನಲನ್ನು ಮುಟ್ಟಿದೆವು. ಎದುರಾಳಿಗಳು ಹೊಳೆಯಾಚೆಯ ಪಟ್ಟಣದವರು. ಅವರ ನಾಯಕಿ ಕಸ್ತೂರಿ, ಉದ್ದನೆಯ ಹುಡುಗಿ, ದಾಳಿಯಲ್ಲಿ ಮಹಾನಂದಾಳಿಗೆ ಸರಿಸಮ. ಒಮ್ಮೆ ಅವರು ಮುಂದೆ, ಒಮ್ಮೆ ನಾವು. ಕೊನೆಯ ದಾಳಿ ಉಳಿದಾಗ ನಾವು ಒಂದೇ ಒಂದು ಅಂಕ ಮುಂದಿದ್ದೆವು. ದಾಳಿ ಅವರದು. ಕಸ್ತೂರಿ ಮುಖಕ್ಕೆ ನೀರು ಚಿಮುಕಿಸಿಕೊಂಡು, ಶಿಳ್ಳೆ ಕೇಳಿದ ಅವಸರದಲ್ಲಿ ಅರ್ಧ ತುಂಬಿದ ಬಾಟಲಿಯನ್ನು ಹಗ್ಗದಾಚೆ ಒಗೆದು ಒಳಗೆ ಬಂದಳು.

"ಕಬಡ್ಡಿ, ಕಬಡ್ಡಿ, ಕಬಡ್ಡಿ…" ಎಡಕ್ಕೆ ಬಾಗಿದಳು, ನನ್ನ ಮುಂದೆ ಕೈ ಬೀಸಿದಳು. ಹಿಂದೆ ಸರಿದೆ. ಬಲಕ್ಕೆ ತಿರುಗಿದಳು. ಆಗಲೇ ಹಗ್ಗದಾಚೆಯಿಂದ ಬಂತು, ತಾಯಿ ಮಗಳನ್ನು ಕರೆದ ಹಾಗೆ:

"ಕಸ್ತೂರೀ… ಏ ಕಸ್ತೂರೀ…"

ಅವಳು ತಿರುಗಿ ನೋಡಿದಳು. ದಮ್ಮು ಕಡಿಯಿತು. ಅಂಪೈರು ಶಿಳ್ಳೆ ಊದಿ ಕೈ ಎತ್ತಿದರು. ಔಟ್. ನಾವು ಗೆದ್ದಿದ್ದೆವು.

ಊರಿಗೆ ಊರೇ ಎದ್ದು ಕುಣಿಯಿತು. ನಾನು ಮಹಾನಂದಾಳನ್ನು ತಬ್ಬಿ ಎತ್ತಲು ಹೋದೆ. ಅವಳು ಕಂಬದ ಹಾಗೆ ನಿಂತಿದ್ದಳು. ನನ್ನನ್ನು ಬಿಡಿಸಿಕೊಂಡು ಅಂಪೈರರ ಬಳಿ ಹೋದಳು.

"ಈ ದಾಳಿ ಲೆಕ್ಕಕ್ಕ ಹಿಡಿಯಂಗಿಲ್ರಿ. ಅಕಿ ಇನ್ನೊಮ್ಮೆ ಬರಲಿ."

"ದಮ್ಮು ಕಡದೈತಿ. ನಿಯಮ ಅಂದ್ರ ನಿಯಮ" ಎಂದರು ಅವರು.

"ಕಡದದ್ದು ನಮ್ಮೂರಿನ ಕೂಗು. ನಮಗ ಅದು ರೂಢಿ, ಅಕಿಗೆ ಹೊಸಾದು. ಕರದವರು ನಾವು. ಮನಿಗೆ ಕರದು, ಬೆನ್ನ ಹಿಂದಿಂದ ಹೆಸರು ಹಿಡಿದು ಕೂಗಿ ಗೆದ್ದಂಗಾಗ್ತೈತಿ."

ನನಗೆ ಅಳು ಬಂತು, ಸಿಟ್ಟೂ ಬಂತು. "ಅಕ್ಕಾ, ಇಷ್ಟು ವರ್ಷಕ್ಕ ಒಮ್ಮೆ ಕೈಗೆ ಸಿಕ್ಕೈತಿ" ಎಂದೆ. ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಅವಳಿಗೂ ಅಳು ಬರುತ್ತಿತ್ತೇನೋ.

ಅಂಪೈರು ಅಧ್ಯಕ್ಷರ ಮುಖ ನೋಡಿದರು. ದುಂಡಪ್ಪನವರು ಎದೆಯ ಮೇಲೆ ಕೈಯಿಟ್ಟುಕೊಂಡು, "ಮುಂಜಾನೆ ನನ್ನ ಕರದಾಗ ಇಲ್ಲಿ ಝಲ್ ಅಂದಿತ್ತು. ಅದನ್ನ ಕೇಳಿ ದಮ್ಮು ಹಿಡಿದು ನಿಲ್ಲೋದು ಯಾರ ಕೈಲೂ ಆಗೂದಲ್ಲ. ಇನ್ನೊಮ್ಮೆ ಆಡಸ್ರಿ" ಎಂದರು.

ಬಾಟಲಿ ಇನ್ನೂ ಕೂಗುತ್ತಲೇ ಇತ್ತು. ಕಸ್ತೂರಿ ತಾನೇ ಓಡಿಹೋಗಿ ಎತ್ತಿಕೊಂಡು ಬಂದಳು. ಮುಖ ಕೆಂಪಾಗಿತ್ತು. "ಏನ್ ಮಾಡ್ಬೇಕ್ರೀ ಇದಕ್ಕ?" ಎಂದು ಮಹಾನಂದಾಳನ್ನು ಕೇಳಿದಳು.

"ಮೊದಲ ನೀರು ಕುಡಿ."

ಕಸ್ತೂರಿ ಒಂದಿಷ್ಟು ಕುಡಿದು ಉಳಿದದ್ದನ್ನು ಅವಳಿಗೆ ಕೊಟ್ಟಳು. ಮಹಾನಂದಾ ತಲೆ ಎತ್ತಿ ಗಟಗಟ ಕುಡಿದು ಮುಗಿಸಿದಳು. ಕೂಗು ಸಣ್ಣದಾಯಿತು, ನಿಲ್ಲಲಿಲ್ಲ. ಖಾಲಿ ಬಾಟಲಿಯಲ್ಲೂ ಹುರುಳು ಉಳಿದಿತ್ತು. ಯಾರಾದರೂ ತೆಗೆದುಕೊಳ್ಳಬೇಕಿತ್ತು. ಅಷ್ಟರಲ್ಲಿ ಜನ ಎರಡಾಗಿ ಸರಿದು ದಾರಿ ಬಿಟ್ಟರು. ಕೋಲೂರಿಕೊಂಡು ಬಂದವರು ಬಸಣ್ಣ ಕಾಕಾ. ಕೈ ಚಾಚಿ, "ಕೊಡಿಲ್ಲೆ ತಂಗಿ. ಮಂಡಿಗೆ ಹಚ್ಚೋ ಎಣ್ಣಿ ಇಡಾಕ ನನಗೊಂದು ಬೇಕಾಗಿತ್ತು" ಎಂದರು. ಅವರ ಕೈಗೆ ಬಂದೊಡನೆ ಬಾಟಲಿ ಸುಮ್ಮನಾಯಿತು. ಕಾಕಾ ಅದನ್ನು ಅಂಗಿಯ ಜೇಬಿಗೆ ತುರುಕಿಕೊಂಡು ವಾಪಸು ಹೋಗಲಿಲ್ಲ, ಹಗ್ಗದ ಪಕ್ಕದಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

ಮತ್ತೆ ಶಿಳ್ಳೆ. ಈ ಸಲ ಯಾವ ಕೂಗೂ ಇರಲಿಲ್ಲ. ಕಸ್ತೂರಿ ಬಂದಳು. ಮಿಂಚು ಎಂದರೆ ಅದೇ. ನನ್ನ ಮೊಣಕೈಗೆ ಅವಳ ಬೆರಳು ತಾಗಿದ್ದು ನನಗೆ ತಿಳಿದದ್ದು ಅವಳು ಆಚೆ ತಿರುಗಿದ ಮೇಲೆ. ಹಾರಿ ಮಹಾನಂದಾಳ ಭುಜ ಮುಟ್ಟಿದಳು. ಮಹಾನಂದಾ ಬಿಡಲಿಲ್ಲ, ನೆಲಕ್ಕೆ ಬಿದ್ದು ಅವಳ ಕಾಲನ್ನು ಎರಡೂ ಕೈಯಿಂದ ಅವುಚಿ ಹಿಡಿದಳು. ನಾನು ಸೊಂಟಕ್ಕೆ ಬಿದ್ದೆ, ಉಳಿದವರೂ ಬಂದು ಬಿದ್ದರು. ಕಸ್ತೂರಿ ನಮ್ಮೆಲ್ಲರನ್ನೂ ಎಳೆದುಕೊಂಡು ಮಣ್ಣಿನಲ್ಲಿ ತೆವಳಿದಳು. ಕಬಡ್ಡಿ, ಕಬಡ್ಡಿ, ಎಂಬುದು ನರಳಾಟದ ಹಾಗಾಯಿತು, ಆದರೆ ಕಡಿಯಲಿಲ್ಲ. ಕೈ ಚಾಚಿದಳು. ನಡುಗೆರೆಯ ಮೇಲೆ ಅವಳ ಬೆರಳಿನ ತುದಿ ಬಿತ್ತು.

ಹಿಡಿದ ನಾವೆಲ್ಲ ಔಟ್, ಅಂಕಗಳೆಲ್ಲ ಅವರಿಗೆ. ನಾವು ಸೋತೆವು.

ಆಮೇಲೆ ಚಪ್ಪಾಳೆ ಶುರುವಾಯಿತು, ಮೊದಲು ನಮ್ಮೂರಿನವರ ಕಡೆಯಿಂದ. ಅದು ನಿಲ್ಲಲೇ ಇಲ್ಲ. ಮಣ್ಣು ಮೆತ್ತಿದ ಕಸ್ತೂರಿ ಎದ್ದವಳು ಮಹಾನಂದಾಳನ್ನು ಕೈಹಿಡಿದು ಎಬ್ಬಿಸಿದಳು. ಇಬ್ಬರೂ ಏದುಸಿರು ಬಿಡುತ್ತ ನಗುತ್ತಿದ್ದರು. ಕಪ್ಪನ್ನು ತೆಗೆದುಕೊಳ್ಳುವ ಮೊದಲು ಕಸ್ತೂರಿ ಕೇಳಿದ್ದು ಒಂದೇ ಮಾತು:

"ಅಕ್ಕಾರ, ನಮ್ಮೂರಾಗೂ ಹಿಂಗ ಊಟ ನೀರು ಮಾಡಬೇಕಂದ್ರ ಎಷ್ಟು ಮಂದಿ ಬೇಕ್ರಿ?"

"ನಿಮ್ಮೂರಾಗ ಒಗದದ್ದು ಏನೂ ಕೂಗಂಗಿಲ್ಲಲ್ಲ" ಎಂದೆ ನಾನು. ನನಗಿನ್ನೂ ಅವಳ ಮೇಲಿನ ಸಿಟ್ಟು ಇಳಿದಿರಲಿಲ್ಲ.

"ಹೌದ್ರಿ" ಎಂದಳು ಅವಳು. "ಆದ್ರ ಈಗ ನಾ ಕೇಳೀನಲ್ರಿ."

ಗಾಡಿಗಳು ಹೋದವು. ಊರಿನವರು ಬಯಲು ಗುಡಿಸಿದರು, ಗುಡಿಸಲು ಹೆಚ್ಚೇನೂ ಇರಲಿಲ್ಲ. ಹೊತ್ತು ಇಳಿಯುತ್ತ ಬಂದ ಹಾಗೆ ಎಲ್ಲರೂ ಸುಮ್ಮನಾದರು. ಬಸಣ್ಣ ಕಾಕಾ ಎದ್ದು ಅಂಕಣದ ನಡುವೆ ನಿಂತು ಕಣ್ಣು ಮುಚ್ಚಿದರು. ಸೂರ್ಯ ಗುಡ್ಡದ ಹಿಂದೆ ಜಾರಿದ. ಒಂದು ಹಕ್ಕಿ ಕೂಗಿತು. ದೂರದಲ್ಲಿ ಎಮ್ಮೆಯೊಂದು ಒದರಿತು. ಮಹಾನಂದಾ ನನ್ನ ಕೈ ಹಿಡಿದಿದ್ದಳು, ಉಗುರು ಚರ್ಮದೊಳಗೆ ಇಳಿದಿತ್ತು. ಬಯಲಿನ ಈ ತುದಿಯಿಂದ ಆ ತುದಿಯವರೆಗೆ ಯಾರ ಹೆಸರೂ ಕೇಳಲಿಲ್ಲ.

ಕಾಕಾ ಕಣ್ಣು ತೆರೆದರು. "ಮಹಾನಂದಾ" ಎಂದರು.

"ಏನ್ರಿ ಕಾಕಾ."

"ಅಷ್ಟುದ್ದದ ಹುಡುಗಿನ ಕಾಲು ಹಿಡೀತಾರೇನ ಯಾರರ? ಸೊಂಟಕ್ಕ ಬೀಳಬೇಕಾಗಿತ್ತು. ಮುಂದಿನ ಸಲ ಹಂಗ ಮಾಡಬ್ಯಾಡ."

ಮಹಾನಂದಾ ನನ್ನ ಕೈ ಬಿಟ್ಟು, ಬಗ್ಗಿ, ಅಂಗೈಗೆ ಮಣ್ಣು ಹಚ್ಚಿಕೊಂಡಳು. "ಹಂಗಾರ ಹೆಂಗ ಹಿಡೀಬೇಕು, ತೋರಸ್ರಿ" ಎಂದಳು.

ಕಾಕಾ ಕೋಲನ್ನು ನನ್ನ ಕೈಗೆ ಕೊಟ್ಟರು. ಧೋತರ ಮೇಲೆ ಕಟ್ಟಿದರು. ಜೇಬಿನ ಬಾಟಲಿ ಭದ್ರವಾಗಿದೆಯೇ ಎಂದು ತಟ್ಟಿ ನೋಡಿಕೊಂಡರು. ನಾಲ್ವರು ಶಾಂತವ್ವಂದಿರು ನಕ್ಕು ಸೆರಗು ಸಿಕ್ಕಿಸಿಕೊಂಡು ಕಾಕಾನ ಹಿಂದೆ ಬಂದು ನಿಂತರು. ಮಬ್ಬು ಬೆಳಕಿನಲ್ಲಿ ಮಹಾನಂದಾ ನಡುಗೆರೆ ದಾಟಿದಳು, "ಕಬಡ್ಡಿ, ಕಬಡ್ಡಿ, ಕಬಡ್ಡಿ" ಎನ್ನುತ್ತ.